ಊರಿನ ನೀರಿನ ತಕರಾರನ್ನ ವಿಧಾನಸೌಧದ ಸಮಿತಿ ಮುಂದೆ ಇಡೋದು ಹೇಗೆ?

ಪಂಚಾಯ್ತಿ ಅಭಿವೃದ್ಧಿ ಅಧಿಕಾರಿನ (ಪಿಡಿಒ) ಕೇಳಿದ್ರೆ ತಾಲ್ಲೂಕು ಕಾರ್ಯನಿರ್ವಾಹಕ ಅಧಿಕಾರಿ (ಇಒ) ಕಡೆ ಕೈ ತೋರಿಸ್ತಾರೆ, ಇಒ ಸಾಹೇಬ್ರು ಜಿಲ್ಲಾ ಪಂಚಾಯ್ತಿ ಸಿಇಒ ಹೇಳ್ಬೇಕು ಅಂತಾರೆ, ಅಲ್ಲಿಗೆ ಹೋದ್ರೆ ಬೆಂಗಳೂರಿಂದ ರಿಲೀಸ್ ಆಗಿಲ್ಲ, ಬೆಂಗಳೂರಲ್ಲಿ ವಿಚಾರಿಸಿದ್ರೆ ಸೆಂಟ್ರಲ್ ಕಂತು ಬಂದಿಲ್ಲ. ಊರಲ್ಲಿ ಪೈಪ್ ಹಾಕೋಕೆ ಅಗೆದ ಕಾಂಕ್ರೀಟ್ ರಸ್ತೆ ಮಾತ್ರ ಹಂಗೇ ಬಾಯಿ ಬಿಟ್ಕೊಂಡು ಬಿದ್ದಿರತ್ತೆ. ಈ ಪಾಡು ಬಹಳ ಜನರಿಗೆ ಗೊತ್ತು, ಆದ್ರೆ ಇಷ್ಟೂ ಇಲಾಖೆಯವರನ್ನ ಒಂದೇ ಟೇಬಲ್ ಮುಂದೆ ಕೂರಿಸಿ "ದುಡ್ಡು ಎಲ್ಲಿ ನಿಂತಿದೆ ಹೇಳಿ" ಅಂತ ಕೇಳೋ ಅಧಿಕಾರ ಇರೋ ಒಂದು ಸಮಿತಿ ನಮ್ಮ ವಿಧಾನಮಂಡಲದಲ್ಲೇ ಇದೆ ಅನ್ನೋದು ಪಂಚಾಯ್ತಿ ಮೆಂಬರ್‌ಗಳಿಗೇ ಎಷ್ಟೋ ಸಲ ಗೊತ್ತಿರಲ್ಲ.

ಅದರ ಹೆಸರು ಸ್ಥಳೀಯ ಸಂಸ್ಥೆಗಳು ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿ. ಅದು ಕೆಲಸ ಮಾಡೋ ರೀತಿ ಏನು, ನಾವು ಹೊರಗಿನಿಂದ ಅದನ್ನ ಹೇಗೆ ಉಪಯೋಗಿಸ್ಕೋಬಹುದು ಅಂತ ಹಂತ ಹಂತವಾಗಿ ಹೇಳ್ತೀನಿ. ಮೊದ್ಲೇ ಹೇಳ್ಬಿಡ್ತೀನಿ, ಈ ಸಮಿತಿ ನಾಳೆ ಬಂದು ನಿಮ್ಮ ಮನೆ ನಲ್ಲಿ ಸರಿ ಮಾಡಿಸಲ್ಲ. ಅದು ಕೆಲಸ ಮಾಡೋದೇ ಕಾಗದದ ಮೇಲೆ, ಅಂದ್ರೆ ಇಲಾಖೆಯವರೇ ಹಿಂದೆ ಬರೆದು ಕೊಟ್ಟಿದ್ದನ್ನ ಮುಂದಿಟ್ಟು ಅವರನ್ನೇ ಹಿಡಿಯೋದು, ಹಾಗಾಗಿ ನಿಮ್ಮ ಕೈಯಲ್ಲಿ ಕಾಗದ ಇಲ್ಲ ಅಂದ್ರೆ ಎಷ್ಟು ಜೋರಾಗಿ ಕೂಗಿದ್ರೂ ಅಲ್ಲಿಗೆ ಕೇಳಿಸಲ್ಲ.

ಮೊದಲು: ಸಮಿತಿ ಅಂದ್ರೆ ಏನು ಅಂತ ಸರಿಯಾಗಿ ತಿಳ್ಕೊಳ್ಳಿ

ವಿಧಾನಸಭೆಯಲ್ಲಿ 224 ಜನ, ಪರಿಷತ್ತಲ್ಲಿ 75 ಜನ. ಇವರೆಲ್ಲ ಸದನದಲ್ಲಿ ಕೂತು ಆರು ಸಾವಿರಕ್ಕೆ ಹತ್ತತ್ರ ಇರೋ ಗ್ರಾಮ ಪಂಚಾಯ್ತಿ, 31 ಜಿಲ್ಲಾ ಪಂಚಾಯ್ತಿ, ಅದರ ಮೇಲೆ ಪುರಸಭೆ ನಗರಸಭೆ ಪಾಲಿಕೆ ಎಲ್ಲದರ ಲೆಕ್ಕ ನೋಡೋಕೆ ಆಗೋ ಮಾತಲ್ಲ. ಅದಕ್ಕೇ ಎರಡೂ ಸದನದ ಸದಸ್ಯರನ್ನ ಸೇರಿಸಿ ಸಮಿತಿ ಮಾಡ್ತಾರೆ, ಆಡಳಿತ ಪಕ್ಷ ವಿರೋಧ ಪಕ್ಷ ಇಬ್ಬರೂ ಇರ್ತಾರೆ, ಮಂತ್ರಿಗಳು ಇರಲ್ಲ. ಮಂತ್ರಿ ಇರಬಾರದು ಅನ್ನೋದಕ್ಕೆ ಕಾರಣ ಸುಲಭ, ಲೆಕ್ಕ ಕೊಡಬೇಕಾದವರೇ ಲೆಕ್ಕ ಕೇಳೋ ಜಾಗದಲ್ಲಿ ಕೂರೋಕಾಗಲ್ಲ.

ಇವರ ಮುಂದೆ ಬರೋ ಮುಖ್ಯ ವಸ್ತು ಸಿಎಜಿ, ಅಂದ್ರೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಂಸ್ಥೆಯ ವರದಿ. ಸ್ಥಳೀಯ ಸಂಸ್ಥೆಗಳ ಬಗ್ಗೆ ಸಿಎಜಿಯವರು ಪ್ರತ್ಯೇಕವಾಗಿ ವರದಿ ಕೊಡ್ತಾರೆ, ಅದು ಸದನದಲ್ಲಿ ಮಂಡನೆ ಆದ್ಮೇಲೆ ಸಮಿತಿಗೆ ಬರತ್ತೆ. ವರದಿಯಲ್ಲಿ ಪ್ರತಿ ಆಕ್ಷೇಪಣೆಗೂ ಒಂದು ನಂಬರ್ ಇರತ್ತೆ, ಆಫೀಸ್ ಭಾಷೆಲಿ ಅದನ್ನ ಕಂಡಿಕೆ ಅಂತಾರೆ. ಈ ಕಂಡಿಕೆ ಅನ್ನೋ ಪದ ನೆನಪಿಟ್ಕೊಳ್ಳಿ, ಇಡೀ ಆಟ ಇದರ ಮೇಲೇ ನಡೆಯೋದು. ಸಮಿತಿ ಯಾವ ಕಂಡಿಕೆ ವಿಚಾರಣೆಗೆ ತಗೋಬೇಕು ಅಂತ ಆರಿಸ್ಕೊಳ್ಳತ್ತೆ, ಇಲಾಖೆ ಲಿಖಿತ ಉತ್ತರ ಕೊಡ್ಬೇಕು, ಆಮೇಲೆ ಇಲಾಖೆ ಮುಖ್ಯಸ್ಥರೇ ಬಂದು ಸಾಕ್ಷ್ಯ ಹೇಳ್ಬೇಕು, ಸಿಎಜಿ ಕೆಳಗೆ ಬರೋ ಮಹಾಲೇಖಪಾಲರ ಕಚೇರಿಯವರು ಪಕ್ಕದಲ್ಲೇ ಕೂತು ಸದಸ್ಯರಿಗೆ ಲೆಕ್ಕ ಬಿಡಿಸಿ ಹೇಳ್ತಾರೆ. ಈ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯೋದು, ಟಿವಿ ಕ್ಯಾಮೆರಾ ಇರಲ್ಲ, ನನ್ನ ಪ್ರಕಾರ ಅದೇ ಒಳ್ಳೇದು, ಕ್ಯಾಮೆರಾ ಇದ್ರೆ ಎಲ್ರೂ ಭಾಷಣಕ್ಕೆ ನಿಂತ್ಬಿಡ್ತಾರೆ. ಕಡತ ಕೊಡಲ್ಲ ಅಂತ ಹಟ ಹಿಡಿದ್ರೆ ಅಥವಾ ಸುಳ್ಳು ಹೇಳಿದ್ರೆ ಹಕ್ಕುಚ್ಯುತಿ, ಅಂದ್ರೆ ಸದನದ ಹಕ್ಕಿಗೆ ಧಕ್ಕೆ ತಂದ ತಪ್ಪು ಆಗತ್ತೆ, ಈ ಭಯ ಅಧಿಕಾರಿಗಳಿಗೆ ನಿಜವಾಗ್ಲೂ ಇದೆ.

ಕೊನೆಗೆ ಸಮಿತಿ ವರದಿ ಬರೆದು ಸದನದ ಮುಂದೆ ಇಡತ್ತೆ. ಆದ್ರೆ ಅದು ಶಿಫಾರಸು ಅಷ್ಟೇ, ಕೋರ್ಟ್ ಆದೇಶ ಅಲ್ಲ. ಶಿಫಾರಸಿನ ಮೇಲೆ ಏನು ಕ್ರಮ ತಗೊಂಡ್ವಿ ಅಂತ ಸರ್ಕಾರ ವಾಪಸ್ ಹೇಳ್ಬೇಕು, ಅಲ್ಲೇ ಬಹಳಷ್ಟು ನಿಧಾನ ಆಗೋದು.

ಎರಡನೇದು: ದುಡ್ಡಿನ ದಾರಿ ಬರ್ಕೊಳ್ಳಿ

ಇದೇ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಅಂತ ನನಗನ್ಸತ್ತೆ, ಜನ ಇದನ್ನ ಹಾರಿಸಿಬಿಟ್ಟು ಸೀದಾ ಪತ್ರ ಬರೆಯೋಕೆ ಕೂರ್ತಾರೆ. ನಿಮ್ಮ ಸಮಸ್ಯೆಲಿ ಎಷ್ಟು ಸರ್ಕಾರ ಇದೆ ಅಂತ ಮೊದ್ಲು ಒಂದು ಹಾಳೆ ಮೇಲೆ ಬರೀರಿ.

ಜಲ ಜೀವನ್ ಮಿಷನ್ನೇ ತಗೊಳ್ಳಿ, ಮನೆ ಮನೆಗೆ ನಲ್ಲಿ ಕೊಡೋ ಯೋಜನೆ, 2019ರ ಆಗಸ್ಟ್ 15ರಂದು ಘೋಷಣೆ ಆಗಿದ್ದು, ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋದು ಲೆಕ್ಕ. ಕರ್ನಾಟಕದಲ್ಲಿ ಇದರ ಖರ್ಚು ಕೇಂದ್ರದ್ದು ಅರ್ಧ ರಾಜ್ಯದ್ದು ಅರ್ಧ. ಕೆಲಸ ಮಾಡಿಸೋದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಇಂಜಿನಿಯರ್‌ಗಳು. ಕೆಲಸ ಮುಗಿದ್ಮೇಲೆ ನಿರ್ವಹಣೆ ಗ್ರಾಮ ಪಂಚಾಯ್ತಿ ತಲೆ ಮೇಲೆ. ಈಗ ರಸ್ತೆ ಮುಚ್ಚಿಲ್ಲ, ನೀರು ಕೊನೇ ಮನೆ ತನಕ ಬರ್ತಿಲ್ಲ ಅಂತ ಪಂಚಾಯ್ತಿಯವರು ಹಸ್ತಾಂತರ ತಗೊಳ್ಳಲ್ಲ ಅಂದ್ರು ಅಂದ್ಕೊಳ್ಳಿ, ಇಲಾಖೆಯವರು ಕೆಲಸ ಮುಗಿದಿದೆ ಅಂತ ಬಿಲ್ ಮಾಡಿದ್ದಾರೆ. ಮೂರು ಹಂತದ ಸರ್ಕಾರ ಇದೆ, ಹೊಣೆ ಯಾರದ್ದೂ ಅಲ್ಲ. ಇಂಥ ಕೇಸ್‌ಗಳೇ ಸಮಿತಿಗೆ ತಕ್ಕದ್ದು, ಯಾಕಂದ್ರೆ ಕೆಳಗಿನವರ್‍ಯಾರೂ ಇದನ್ನ ಒಟ್ಟಿಗೆ ಕೂತು ಬಿಡಿಸೋಕಾಗಲ್ಲ.

ಇನ್ನೊಂದು ದಾರಿ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಅಂತ 2,36,805 ಕೋಟಿ ಹೇಳಿತ್ತು. ಅದರಲ್ಲಿ ಶೇ 60 ನಿರ್ಬಂಧಿತ, ಅಂದ್ರೆ ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೇ ಬಳಸ್ಬೇಕಿತ್ತು, ಬಾಕಿ ಶೇ 40 ಮಾತ್ರ ಪಂಚಾಯ್ತಿ ತನಗೆ ಬೇಕಾದ ಕೆಲಸಕ್ಕೆ ಹಾಕ್ಕೋಬಹುದಿತ್ತು, ಸಂಬಳಕ್ಕೆ ಹಾಕೋ ಹಾಗಿರ್ಲಿಲ್ಲ. ಕೇಂದ್ರದಿಂದ ದುಡ್ಡು ಬಂದ 10 ಕೆಲಸದ ದಿನದೊಳಗೆ ರಾಜ್ಯ ಅದನ್ನ ಕೆಳಗೆ ಕಳಿಸ್ಬೇಕಿತ್ತು, ತಡ ಆದ್ರೆ ಬಡ್ಡಿ ಸೇರಿಸಿ ಕೊಡ್ಬೇಕಿತ್ತು. ನೋಡಿ, ಇದು ಕೇಳೋಕೆ ಎಷ್ಟು ಚೆಂದದ ಪ್ರಶ್ನೆ: ಯಾವ ತಾರೀಖು ಬಂತು, ಯಾವ ತಾರೀಖು ಹೋಯ್ತು, ತಡ ಆಗಿದ್ರೆ ಬಡ್ಡಿ ಎಲ್ಲಿ? ಎರಡು ತಾರೀಖು ಸಿಕ್ಕಿದ್ರೆ ಸಾಕು.

ದುಡ್ಡಿನ ಮೂರನೇ ದಾರಿ ರಾಜ್ಯದ್ದೇ ಶಾಸನಬದ್ಧ ಅನುದಾನ. ಇಲ್ಲಿ ಒಂದು ಸೂಕ್ಷ್ಮ ಇದೆ, ಊರಿನ ಜನ "ಅನುದಾನ ಬಂದೇ ಇಲ್ಲ" ಅಂತಾರೆ, ಆದ್ರೆ ಅದರ ಒಂದು ಪಾಲು ಬೀದಿದೀಪ ಮತ್ತು ನೀರಿನ ಪಂಪಿನ ಕರೆಂಟ್ ಬಿಲ್ ಬಾಬ್ತಿಗೆ ಅಂತ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಡೆಗೆ ಹೋಗಿರತ್ತೆ. ಬಿಲ್ ಸರಿ ಇದ್ಯಾ, ಮೀಟರ್ ಇದ್ಯಾ, ಕೆಟ್ಟು ಹೋದ ಬೋರ್‌ವೆಲ್‌ಗೂ ಬಿಲ್ ಬರ್ತಿದ್ಯಾ ಅಂತ ನೋಡೋರು ಕಮ್ಮಿ. ಇದರ ಉಲ್ಟಾ ಹರಿಯೋ ದುಡ್ಡೂ ಇದೆ, ಆಸ್ತಿ ತೆರಿಗೆ ಜೊತೆ ವಸೂಲಿ ಮಾಡೋ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಅಂತ ಇರೋದು ಸ್ಥಳೀಯ ಸಂಸ್ಥೆದಲ್ಲ, ವಸೂಲಿ ಮಾಡಿ ಸಂಬಂಧಪಟ್ಟ ಕಡೆ ಕಟ್ಬೇಕು. ಕಟ್ಟದೇ ಇಟ್ಕೊಂಡಿರೋದು ಆಡಿಟ್ ವರದಿಗಳಲ್ಲಿ ಮತ್ತೆ ಮತ್ತೆ ಬರೋ ಆಕ್ಷೇಪಣೆ. ನಿಮ್ಮೂರ ಲೈಬ್ರರಿಗೆ ಪೇಪರ್ ಬರ್ತಿಲ್ಲ ಅಂದ್ರೆ ಕಾರಣ ಇಲ್ಲೂ ಇರಬಹುದು.

ಮೂರನೇದು: ಊರಲ್ಲೇ ಕಾಗದ ಹುಟ್ಟಿಸಿ

ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಂದಾದ್ರೂ ನಡೀಬೇಕು. ಅಲ್ಲಿ ಎದ್ದು ಮಾತಾಡಿ ಬಂದ್ರೆ ಸಾಲಲ್ಲ, ನೀವು ಹೇಳಿದ್ದು ನಡವಳಿ ಪುಸ್ತಕದಲ್ಲಿ ಬಂತಾ ಅಂತ ನೋಡಿ, ಬಂದಿಲ್ಲ ಅಂದ್ರೆ ಅಲ್ಲೇ ಬರೆಸಿ. ಆಮೇಲೆ ಜಮಾಬಂದಿ. ವರ್ಷಕ್ಕೊಂದ್ಸಲ ಪಂಚಾಯ್ತಿ ಲೆಕ್ಕಪತ್ರ, ಬಿಲ್ಲು, ಅಳತೆ ಪುಸ್ತಕ (ಎಷ್ಟು ಕೆಲಸ ಆಗಿದೆ ಅಂತ ಅಳೆದು ಬರೆಯೋದು) ಎಲ್ಲ ಜನರ ಮುಂದೆ ಇಟ್ಟು, ಕಾಮಗಾರಿ ಜಾಗಕ್ಕೇ ಹೋಗಿ ತಾಳೆ ನೋಡೋ ವ್ಯವಸ್ಥೆ ಇದು. ಎಷ್ಟೋ ಕಡೆ ಇದು ಫೋಟೋ ಹೊಡೆಸ್ಕೊಳ್ಳೋ ಕಾರ್ಯಕ್ರಮ ಆಗಿಬಿಟ್ಟಿದೆ, ನಿಜ, ಆದ್ರೆ ನಾಲ್ಕು ಜನ ಪಟ್ಟಿ ಹಿಡ್ಕೊಂಡು ಹೋದ್ರೆ ಚಿತ್ರನೇ ಬೇರೆ ಆಗತ್ತೆ.

ಆಡಿಟ್ ವರದಿ ಕೇಳಿ. ಗ್ರಾಮ ಪಂಚಾಯ್ತಿ ಲೆಕ್ಕ ನೋಡೋದು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ. ಅದರಲ್ಲಿ ನಿಮ್ಮ ಪಂಚಾಯ್ತಿದು ಎಷ್ಟು ಕಂಡಿಕೆ ಬಾಕಿ ಇದೆ, ಅದನ್ನ ಸರಿಪಡಿಸಿದ್ದೀವಿ ಅನ್ನೋ ಅನುಪಾಲನಾ ವರದಿ ಕೊಟ್ಟಿದ್ದಾರಾ, ಎಷ್ಟು ವಸೂಲಾತಿಗೆ ಹೇಳಿದ್ದಾರೆ, ಇದನ್ನ ಬರ್ಕೊಳ್ಳಿ. ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲಿ ನಿಮ್ಮ ಪಂಚಾಯ್ತಿ ಹೆಸರು ಹಾಕಿದ್ರೆ ಹಣಕಾಸು ಆಯೋಗದ ದುಡ್ಡಿನ ಪಾವತಿ ವಿವರ ಸಿಗತ್ತೆ, ಯಾವ ಕಾಮಗಾರಿಗೆ ಎಷ್ಟು ಅಂತ. ಮೊಬೈಲಲ್ಲೇ ನೋಡಬಹುದು, ಸ್ವಲ್ಪ ನಿಧಾನ ಲೋಡ್ ಆಗತ್ತೆ ಅಷ್ಟೇ.

ಸಿಗದೇ ಇದ್ದಿದ್ದಕ್ಕೆ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ, 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತಿದೆ, ಎರಡು ಪುಟ ಬರೆದು ನಾಲ್ಕು ವಿಷಯ ತುರುಕಿದ್ರೆ ವಾಪಸ್ ಕಳಿಸೋಕೆ ಅವರಿಗೆ ನೀವೇ ಕಾರಣ ಕೊಟ್ಟ ಹಾಗೆ. "ಯಾಕೆ ಮಾಡಿಲ್ಲ" ಅಂತ ಕೇಳ್ಬೇಡಿ, "ಇಂಥ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ, ಪಾವತಿ ವೋಚರ್ ಪ್ರತಿ, ಹಸ್ತಾಂತರ ಪತ್ರದ ಪ್ರತಿ ಕೊಡಿ" ಅಂತ ಕೇಳಿ. ಪತ್ರ ಏನೇ ಕೊಟ್ರೂ ಟಪಾಲು ವಿಭಾಗದಲ್ಲಿ ಸೀಲ್ ಹಾಕಿಸ್ಕೊಂಡು ಸ್ವೀಕೃತಿ ತಗೊಳ್ಳಿ, ಮತ್ತೆ ಹಿಂಬರಹ, ಅಂದ್ರೆ ಅರ್ಜಿಗೆ ಕಚೇರಿಯ ಲಿಖಿತ ಉತ್ತರ ಕೊಡಿ ಅಂತ ಲಿಖಿತವಾಗೇ ಕೇಳಿ. "ಅನುದಾನ ಲಭ್ಯವಿಲ್ಲ" ಅಂತ ಬರೆದುಕೊಟ್ಟ ಒಂದು ಹಿಂಬರಹ, ಅದೇ ತಿಂಗಳು ಅನುದಾನ ಜಮಾ ಆಗಿರೋ ಪೋರ್ಟಲ್ ಪ್ರಿಂಟ್, ಇವೆರಡು ಪಕ್ಕ ಪಕ್ಕ ಇಟ್ರೆ ನೀವು ಬಾಯಿ ಬಿಡೋದೇ ಬೇಕಿಲ್ಲ.

ನಾಲ್ಕನೇದು: ಸಿಎಜಿ ವರದಿಯಲ್ಲಿ ನಿಮ್ಮ ಸಮಸ್ಯೆಯ ಅಣ್ಣತಮ್ಮಂದಿರನ್ನ ಹುಡುಕಿ

ನಿಮ್ಮ ಊರಿನ ಹೆಸರು ವರದಿಯಲ್ಲಿ ಇರಲ್ಲ, ಇರ್ಬೇಕಾಗೂ ಇಲ್ಲ. ಸಿಎಜಿ ವೆಬ್‌ಸೈಟಲ್ಲಿ ಕರ್ನಾಟಕದ ಸ್ಥಳೀಯ ಸಂಸ್ಥೆಗಳ ವರದಿ ತೆಗೆದು ನಿಮ್ಮ ಥರದ್ದೇ ಆಕ್ಷೇಪಣೆ ಬೇರೆ ಜಿಲ್ಲೆ ಬಗ್ಗೆ ಬಂದಿದ್ಯಾ ನೋಡಿ, ಬಂದಿದ್ರೆ ಕಂಡಿಕೆ ನಂಬರ್ ಬರ್ಕೊಳ್ಳಿ. ಆಗ ನಿಮ್ಮ ಪತ್ರ "ನಮ್ಮೂರಿಗೆ ಅನ್ಯಾಯ" ಅನ್ನೋದ್ರಿಂದ "ಇಂಥ ಕಂಡಿಕೆಯಲ್ಲಿ ಹೇಳಿರೋ ಲೋಪ ಈಗಲೂ ನಡೀತಿದೆ, ಇದು ನಮ್ಮಲ್ಲಿಯ ದಾಖಲೆ" ಅನ್ನೋದಕ್ಕೆ ಬದಲಾಗತ್ತೆ. ಸಮಿತಿ ಸದಸ್ಯರಿಗೆ ಇದು ಕೈಗೆ ಸಿಕ್ಕ ಅಸ್ತ್ರ, ಯಾಕಂದ್ರೆ ಇಲಾಖೆಯವರು ಸಾಮಾನ್ಯವಾಗಿ "ಸರಿಪಡಿಸಿದ್ದೀವಿ, ಕಂಡಿಕೆ ಕೈಬಿಡಿ" ಅಂತಾನೇ ಕೇಳ್ಕೊಳ್ಳೋದು.

ಐದನೇದು: ಯಾವ ಬಾಗಿಲು ಅಂತ ನಿರ್ಧಾರ ಮಾಡಿ

ಎಲ್ಲಾನೂ ಒಂದೇ ಸಮಿತಿಗೆ ಹೋಗಲ್ಲ. ಲೆಕ್ಕ, ಅನುದಾನ, ಆಡಿಟ್ ಆಕ್ಷೇಪಣೆ ಅಂದ್ರೆ ಸ್ಥಳೀಯ ಸಂಸ್ಥೆಗಳ ಸಮಿತಿ. ಊರಿನ ಒಂದು ನಿರ್ದಿಷ್ಟ ಬೇಡಿಕೆ, ಸೇತುವೆ ಅರ್ಧಕ್ಕೆ ನಿಂತಿದೆ ಅನ್ನೋ ಥರದ್ದು ಅಂದ್ರೆ ಅರ್ಜಿಗಳ ಸಮಿತಿ, ವಿಧಾನಸಭೆಗೊಂದು ಪರಿಷತ್ತಿಗೊಂದು ಇದೆ, ನಿಮ್ಮ ಶಾಸಕರ ಮೂಲಕ ಹೋದ್ರೆ ಸಲೀಸು, ಕೋರ್ಟಲ್ಲಿ ನಡೀತಿರೋ ವಿಷಯ ತಗೊಳ್ಳಲ್ಲ. ಮಂತ್ರಿಗಳು ಸದನದಲ್ಲಿ "ಮೂರು ತಿಂಗಳಲ್ಲಿ ಮಾಡಿಸ್ತೀನಿ" ಅಂತ ಒಪ್ಕೊಂಡು ಆಮೇಲೆ ಮರೆತಿದ್ರೆ ಸರ್ಕಾರಿ ಭರವಸೆಗಳ ಸಮಿತಿ.

ಇದೆಲ್ಲಕ್ಕೂ ಮುಂಚೆ ಒಂದು ಪ್ರಶ್ನೆ ಹಾಕಿಸೋದು ಒಳ್ಳೇದು. ಶಾಸಕರ ಮೂಲಕ ಚುಕ್ಕೆ ಗುರುತಿಲ್ಲದ ಪ್ರಶ್ನೆ ಕೇಳಿಸಿದ್ರೆ ಲಿಖಿತ ಉತ್ತರ ಬರತ್ತೆ, ಆರ್‌ಟಿಐನಲ್ಲಿ ಒದ್ದಾಡಿದ್ರೂ ಸಿಗದ ಅಂಕಿ ಅಂಶ ಅನುಬಂಧದಲ್ಲಿ ಟೇಬಲ್ ಹಾಕಿ ಕೊಟ್ಟಿರ್ತಾರೆ. ಎಮ್ಮೆಲ್ಲೆ ಸಿಗಲ್ಲ ಅಂದ್ರೆ ಎಮ್ಮೆಲ್ಸಿ ಹಿಡೀರಿ. ಪರಿಷತ್ತಿನ 75ರಲ್ಲಿ 25 ಜನ ಆಯ್ಕೆ ಆಗೋದೇ ಸ್ಥಳೀಯ ಸಂಸ್ಥೆಗಳ ಸದಸ್ಯರ ಓಟಿಂದ, ಅಂದ್ರೆ ನಿಮ್ಮೂರ ಗ್ರಾಮ ಪಂಚಾಯ್ತಿ ಮೆಂಬರ್ರು, ಪುರಸಭೆ ಕೌನ್ಸಿಲರ್ರು ಓಟು ಹಾಕಿ ಕಳಿಸಿರೋರು. ಚುನಾವಣೆ ಮುಗಿದ್ಮೇಲೆ ಈ ಮೆಂಬರ್‌ಗಳನ್ನ ಯಾರೂ ಮಾತಾಡ್ಸಲ್ಲ ಅಂತ ಗೊಣಗ್ತಾರೆ, ಪ್ರಶ್ನೆ ಬರೆದು ಟೈಪ್ ಮಾಡಿಸಿ ಆ ಎಮ್ಮೆಲ್ಸಿ ಕೈಗೆ ಕೊಟ್ಟು ನೋಡಿ, ಬೇರೆ ಥರ ಮಾತಾಡ್ತಾರೆ.

ಪತ್ರ ಬರೆಯೋ ರೀತಿ

ವಿಳಾಸ ಸಮಿತಿ ಅಧ್ಯಕ್ಷರಿಗೆ, ವಿಧಾನಸಭೆ ಸಚಿವಾಲಯ, ವಿಧಾನಸೌಧ, ಬೆಂಗಳೂರು. ಪ್ರತಿ ನಿಮ್ಮ ಜಿಲ್ಲೆಯ ಯಾರಾದ್ರೂ ಸಮಿತಿಯಲ್ಲಿದ್ರೆ ಅವರಿಗೂ. ಸ್ಪೀಡ್ ಪೋಸ್ಟ್ ಮಾಡಿ, ಅಥವಾ ಕೈಯಲ್ಲಿ ಕೊಟ್ಟು ಟಪಾಲು ನಂಬರ್ ಹಾಕಿಸ್ಕೊಳ್ಳಿ.

ಒಂದೇ ಪುಟ. ಮೊದಲ ಪ್ಯಾರಾದಲ್ಲಿ ಏನಾಗಿದೆ, ಎಲ್ಲಿ, ಎಷ್ಟು ದುಡ್ಡು. ಎರಡನೇದ್ರಲ್ಲಿ ಆ ದುಡ್ಡು ಯಾರ್‍ಯಾರ ಕೈ ದಾಟಿದೆ, ಯಾವ ತಾರೀಖು, ಎಲ್ಲಿ ನಿಂತಿದೆ. ಮೂರನೇದ್ರಲ್ಲಿ ಯಾವ ಇಲಾಖೆಯವರು ಏನು ಬರೆದುಕೊಟ್ಟಿದ್ದಾರೆ, ಅವುಗಳಲ್ಲಿ ಎಲ್ಲಿ ತಾಳೆ ಆಗಲ್ಲ. ಕೊನೆಗೆ ಸಮಿತಿ ಕೇಳಬಹುದಾದ ಪ್ರಶ್ನೆಗಳು, ಮೂರು ಸಾಕು. ಉದಾಹರಣೆಗೆ, ಹಸ್ತಾಂತರ ಆಗದ ಕಾಮಗಾರಿಗೆ ಅಂತಿಮ ಬಿಲ್ ಪಾವತಿ ಮಾಡಿದ್ದು ಯಾವ ಪ್ರಮಾಣಪತ್ರದ ಆಧಾರದ ಮೇಲೆ? ರಸ್ತೆ ದುರಸ್ತಿ ಎಸ್ಟಿಮೇಟಲ್ಲಿ ಸೇರಿತ್ತಾ, ಸೇರಿದ್ರೆ ಆ ಮೊತ್ತ ಏನಾಯ್ತು? ಜಿಲ್ಲೆಯಲ್ಲಿ ಇಂಥವು ಒಟ್ಟು ಎಷ್ಟಿವೆ? ಈ ಕೊನೇ ಪ್ರಶ್ನೆ ಬಿಡ್ಬೇಡಿ, ಒಂದು ಊರಿನ ತಕರಾರನ್ನ ರಾಜ್ಯದ ವಿಷಯ ಮಾಡೋದು ಅದೇ.

ಬೈಗುಳ ಬೇಡ, ಇಂಥ ಇಂಜಿನಿಯರ್ ಲಂಚ ತಿಂದ ಅಂತ ಸಾಕ್ಷಿ ಇಲ್ಲದೆ ಬರೀಬೇಡಿ, ಅದು ಲೋಕಾಯುಕ್ತಕ್ಕೆ ಹೋಗೋ ಮಾತು, ಇಲ್ಲಿ ಬರೆದ್ರೆ ಪತ್ರದ ತೂಕನೇ ಹೋಗ್ಬಿಡತ್ತೆ.

ಸಮಿತಿ ಜಿಲ್ಲೆಗೆ ಬಂದಾಗ

ಸಮಿತಿಗಳು ಪ್ರವಾಸ ಬರ್ತವೆ, ಜಿಲ್ಲಾ ಪಂಚಾಯ್ತಿ ಸಭಾಂಗಣದಲ್ಲಿ ಪರಿಶೀಲನೆ, ಆಮೇಲೆ ಕಾಮಗಾರಿ ಜಾಗಕ್ಕೆ ಭೇಟಿ. ಬರೋ ಸುದ್ದಿ ಜಿಲ್ಲೆಯ ಪೇಪರಲ್ಲಿ ಒಂದೆರಡು ದಿನ ಮುಂಚೆ ಬರತ್ತೆ, ಅಧಿಕಾರಿಗಳ ಓಡಾಟ ನೋಡಿದ್ರೂ ಗೊತ್ತಾಗತ್ತೆ, ವರ್ಷಗಟ್ಲೆ ಮುಚ್ಚದ ಗುಂಡಿ ರಾತ್ರೋರಾತ್ರಿ ಮುಚ್ಚೋಗಿರತ್ತೆ. ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ಪಟ್ಟಿ ಮಾಡೋದು ಅಧಿಕಾರಿಗಳೇ, ಅಂದ್ರೆ ಚೆನ್ನಾಗಿರೋದನ್ನ ತೋರಿಸ್ತಾರೆ. ನಿಮ್ಮ ಪತ್ರ ಮೊದ್ಲೇ ತಲುಪಿದ್ರೆ ಸದಸ್ಯರೇ "ಆ ಊರಿಗೆ ಹೋಗೋಣ" ಅನ್ನಬಹುದು. ಅವತ್ತು ದಾರಿಗೆ ಅಡ್ಡ ನಿಂತು ಘೋಷಣೆ ಕೂಗೋದಕ್ಕಿಂತ, ಒಬ್ರು ಹೋಗಿ ಅದೇ ಒಂದು ಪುಟದ ಪತ್ರದ ಪ್ರತಿ ಕೊಟ್ಟು ಟಪಾಲು ನಂಬರ್ ತೋರಿಸೋದು ವಾಸಿ.

ಸಮಿತಿ ಕೈ ಎಲ್ಲಿವರೆಗೆ?

ರಾಜ್ಯದ ಅಧಿಕಾರಿಗಳನ್ನ ಕರೆಸಬಹುದು, ದಿಲ್ಲಿಯವರನ್ನ ಕರೆಸಿ ವಿಚಾರಣೆ ಮಾಡೋಕಾಗಲ್ಲ. ಕೇಂದ್ರದ ಕಂತು ಯಾಕೆ ನಿಂತಿದೆ ಅಂತ ರಾಜ್ಯದವರನ್ನೇ ಕೇಳ್ಬೇಕು. ಎಷ್ಟೋ ಸಲ ತಪ್ಪು ಇರೋದೂ ಇಲ್ಲೇ: ಲೆಕ್ಕಪತ್ರ ಆನ್‌ಲೈನಲ್ಲಿ ಹಾಕಿಲ್ಲ, ಬಳಕೆ ಪ್ರಮಾಣಪತ್ರ ಕಳಿಸಿಲ್ಲ, ಚುನಾಯಿತ ಮಂಡಳಿ ಇಲ್ಲ.

ಈ ಮಂಡಳಿ ವಿಷಯಕ್ಕೆ ಸ್ವಲ್ಪ ನಿಲ್ತೀನಿ. ಸಂವಿಧಾನದ 243ಇ ವಿಧಿ ಪ್ರಕಾರ ಪಂಚಾಯ್ತಿ ಅವಧಿ ಐದು ವರ್ಷ, ಮುಗಿಯೋದ್ರೊಳಗೆ ಚುನಾವಣೆ ಆಗ್ಬೇಕು. ನಮ್ಮಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಗಿದ್ದು, 2021ರಲ್ಲಿ ಅವಧಿ ಮುಗೀತು, ಆಮೇಲೆ ವರ್ಷಗಟ್ಲೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳ ಕೈಲೇ ನಡೀತು. 2021ರ ಡಿಸೆಂಬರಲ್ಲಿ ಆ 25 ಪರಿಷತ್ ಸ್ಥಾನಗಳಿಗೆ ಓಟಿಂಗ್ ಆದಾಗ ಓಟು ಹಾಕೋಕೆ ಜಿಲ್ಲಾ ಪಂಚಾಯ್ತಿ ಸದಸ್ಯರೇ ಇರ್ಲಿಲ್ಲ. ಹಣಕಾಸು ಆಯೋಗದ ದುಡ್ಡಿಗೆ ಚುನಾಯಿತ ಮಂಡಳಿ ಇರ್ಬೇಕು ಅನ್ನೋ ಷರತ್ತು ಬೇರೆ. ತಮಾಷೆ ಅಂದ್ರೆ 2025ರ ಫೆಬ್ರವರಿಯಲ್ಲಿ ಬಂದ ಪಂಚಾಯ್ತಿ ಅಧಿಕಾರ ಹಂಚಿಕೆ ಸೂಚ್ಯಂಕದಲ್ಲಿ ಕರ್ನಾಟಕ ದೇಶಕ್ಕೇ ಫಸ್ಟು, ಕೇರಳ ಎರಡನೇದು. ಬೆಂಗಳೂರಿನ ಕಥೆನೂ ಇದೇ, 2020ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು, 2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು, ಸೆಪ್ಟೆಂಬರಲ್ಲಿ ಐದು ಪಾಲಿಕೆ ಆಯ್ತು. ಚುನಾಯಿತರೇ ಇಲ್ಲದ ಸಂಸ್ಥೆಯ ಲೆಕ್ಕ ಕೇಳೋಕೆ ಶಾಸಕರ ಸಮಿತಿ ಒಂದೇ ಉಳ್ಕೊಳ್ಳತ್ತೆ, ಆದ್ರೆ ಚುನಾವಣೆ ಮುಂದಕ್ಕೆ ಹೋಗಿದ್ರಿಂದ ಅನುಕೂಲ ಆಗಿದ್ದೂ ಶಾಸಕರಿಗೇ, ಕೆಳಗೆ ಪೈಪೋಟಿಗೆ ಯಾರೂ ಇಲ್ವಲ್ಲ. ಹೀಗಾಗಿ ಈ ಒಂದು ವಿಷಯದಲ್ಲಿ ಸಮಿತಿ ಗಟ್ಟಿಯಾಗಿ ಕೇಳತ್ತೆ ಅಂತ ನಾನಂತೂ ನಂಬಲ್ಲ, ಇದಕ್ಕೆ ಹೈಕೋರ್ಟ್ ದಾರಿನೇ ಸರಿ.

ರಾಜ್ಯ ಹಣಕಾಸು ಆಯೋಗದ ವರದಿ ಮೇಲೂ ಕಣ್ಣಿಡಿ. 243ಐ ವಿಧಿ ಪ್ರಕಾರ ಐದು ವರ್ಷಕ್ಕೊಮ್ಮೆ ಆಯೋಗ, ಅದರ ಶಿಫಾರಸು ಮತ್ತು ಸರ್ಕಾರ ಏನು ಮಾಡಿದೆ ಅನ್ನೋ ಟಿಪ್ಪಣಿ ಎರಡೂ ಸದನದ ಮುಂದೆ ಬರಲೇಬೇಕು. ಐದನೇ ಆಯೋಗ 2023ರಲ್ಲಿ ಸಿ. ನಾರಾಯಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಆಯ್ತು. ಯಾವ ಶಿಫಾರಸು ಒಪ್ಪಿದ್ರು, ಯಾವುದು ಬಿಟ್ರು ಅನ್ನೋದು ಆ ಟಿಪ್ಪಣಿಲಿ ಇರತ್ತೆ, ಪಂಚಾಯ್ತಿಗೆ ಎಷ್ಟು ಪಾಲು ಬರ್ಬೇಕಿತ್ತು ಅನ್ನೋಕೆ ಅದಕ್ಕಿಂತ ಒಳ್ಳೇ ಆಧಾರ ಇಲ್ಲ.

ವರದಿ ಬಂದ್ಮೇಲೆ ಬೆನ್ನು ಬಿಡ್ಬೇಡಿ

ವರದಿ ಸದನದಲ್ಲಿ ಮಂಡನೆ ಆಗೋ ತನಕ ಒಳಗೇನು ನಡೀತು ಅಂತ ಆರ್‌ಟಿಐ ಹಾಕಿದ್ರೆ ಸಾಮಾನ್ಯವಾಗಿ ಕೊಡಲ್ಲ, ಸದನದ ಹಕ್ಕುಚ್ಯುತಿ ಆಗತ್ತೆ ಅನ್ನೋ ಕಾರಣಕ್ಕೆ ಕಾಯ್ದೆಯ 8(1)(ಸಿ) ಅಡಿ ವಿನಾಯಿತಿ ಇದೆ. ಮಂಡನೆ ಆದ್ಮೇಲೆ ವರದಿ ಸಾರ್ವಜನಿಕ. ಅಲ್ಲಿಂದ ಶುರು ನಿಮ್ಮ ಎರಡನೇ ಸುತ್ತು: ಶಿಫಾರಸಿನ ನಂಬರ್ ಹಾಕಿ ಇಲಾಖೆಗೆ ಆರ್‌ಟಿಐ, ಕ್ರಮ ಏನು ತಗೊಂಡ್ರಿ, ಪ್ರತಿ ಕೊಡಿ. ಉತ್ತರ "ಪರಿಶೀಲನೆಯಲ್ಲಿದೆ" ಅಂತ ಬಂದ್ರೆ ಅದನ್ನೇ ಶಾಸಕರಿಗೆ ಕೊಟ್ಟು ಮುಂದಿನ ಅಧಿವೇಶನಕ್ಕೆ ಪ್ರಶ್ನೆ ಹಾಕಿಸಿ, ಬೆಳಗಾವಿ ಅಧಿವೇಶನ ಆದ್ರೆ ಉತ್ತರ ಕರ್ನಾಟಕದವರಿಗೆ ಓಡಾಟನೂ ಹತ್ರ.

ಸಮಿತಿಗಳು ಆಗಾಗ ಪುನರ್ರಚನೆ ಆಗ್ತವೆ, ಅಧ್ಯಕ್ಷರು ಬದಲಾಗ್ತಾರೆ, ವಿಧಾನಸಭೆ ವಿಸರ್ಜನೆ ಆದ್ರಂತೂ ಎಲ್ಲ ಹೊಸದಾಗಿ. ಹೊಸಬರ ಹೆಸರು ವಿಧಾನಸಭೆ ವೆಬ್‌ಸೈಟಲ್ಲಿ ಬಂದ ತಕ್ಷಣ ಅದೇ ಪತ್ರ ಹೊಸ ತಾರೀಖು ಹಾಕಿ ಮತ್ತೆ ಕಳಿಸಿ, ಉಲ್ಲೇಖದಲ್ಲಿ ಹಳೇ ಟಪಾಲು ನಂಬರ್ ಬರೀರಿ, ಈ ಮಧ್ಯೆ ಸಿಕ್ಕ ಹಿಂಬರಹಗಳನ್ನೂ ಲಗತ್ತಿಸಿ.